ನೆರೆ ಇಳಿದ ಮೇಲೆ ರಾಶಿ ಎತ್ತಿಸಿದ್ದು

ರಸ್ತೆ ಪಕ್ಕ ಬಿದ್ದ ಮಣ್ಣು ಎತ್ತಿಸುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ದಿನಕ್ಕೊಂದು ಇರುತ್ತದೆ, ಆದರೆ ನನಗೆ ಆ ಹೊತ್ತಿನಲ್ಲಿ ಒಂದು ಸಲವೂ ನಗು ಬಂದದ್ದಿಲ್ಲ. ಪಕ್ಕದಲ್ಲಿ ಕೈಕಟ್ಟಿ ನಿಂತವರು ನಗುತ್ತಾರೆ. ನಾನು ಸಂಜೆ ಮನೆಗೆ ಬಂದು ಚಪ್ಪಲಿಗೆ ಅಂಟಿದ ಕೆಸರು ಕೆರೆಯುತ್ತಾ, ಇಂಥದ್ದು ನನಗೇ ಯಾಕೆ ಆಗುತ್ತದೆ ಎಂದು ಹಲ್ಲು ಕಡಿಯುತ್ತೇನೆ.

ನಾನು ಮಾಗಡಿಯವಳು. ಸಿವಿಲ್ ಡಿಪ್ಲೊಮಾ ಮಾಡಿ, ಒಬ್ಬ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿದ್ದೇನೆ. ಸೂಪರ್‌ವೈಸರ್ ಎಂದರೆ ಮೇಲಿನವರು ಕೆಳಗಿನವರಿಗೆ ಬೈಯಬೇಕಾದ್ದನ್ನೂ, ಕೆಳಗಿನವರು ಮೇಲಿನವರಿಗೆ ಬೈಯಬೇಕಾದ್ದನ್ನೂ ಮಧ್ಯದಲ್ಲಿ ನಿಂತು ಕೇಳಿಸಿಕೊಳ್ಳುವ ಹುದ್ದೆ. ಆ ವರ್ಷ ಮಳೆ ನಿಲ್ಲಲೇ ಇಲ್ಲ. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ ಬಂತು, ಕೆಳಗಿನದು ಒಡೆದು ರಸ್ತೆಗೆ ಬಂತು. ನೀರು ಇಳಿದ ಮೇಲೆ ರಸ್ತೆಯ ಎರಡೂ ಬದಿ ಹೂಳು, ಬುಡಸಮೇತ ಬಿದ್ದ ಮರ, ಗೋಡೆಯ ಇಟ್ಟಿಗೆ, ಹಾಸಿಗೆ, ಬೀರು, ಎಲ್ಲ ರಾಶಿ ಬಿದ್ದಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕಿನಲ್ಲಿ ಅದನ್ನು ಎತ್ತಿ ಹಾಕುವ ಕೆಲಸ ನಮ್ಮ ಕಂಟ್ರಾಕ್ಟರಿಗೆ ಸಿಕ್ಕಿತು. ಅಂದರೆ ನನಗೆ ಸಿಕ್ಕಿತು.

ನನ್ನ ಕೈಕೆಳಗೆ ಒಂದು ಜೆಸಿಬಿ, ಒಂದು ಟ್ರ್ಯಾಕ್ಟರ್, ಒಂದಿಷ್ಟು ಹೆಣ್ಣಾಳು ಗಂಡಾಳು. ಜೆಸಿಬಿ ಡ್ರೈವರ್ ಧರ್ಮಪುರಿ ಕಡೆಯವನು. ಅವನು ಮಾತಾಡುವುದೇ ಅಪರೂಪ, ಮಾತಾಡಿದರೆ ಅವತ್ತು ಏನೋ ಕೆಟ್ಟಿದೆ ಎಂದೇ ಅರ್ಥ. ಟ್ರ್ಯಾಕ್ಟರ್ ಡ್ರೈವರ್ ಕೋಡಿಹಳ್ಳಿಯವನು. ಅವನು ಮಾತು ನಿಲ್ಲಿಸಿದ್ದನ್ನು ಯಾರೂ ಕಂಡಿಲ್ಲ. ಹೆಣ್ಣಾಳುಗಳ ಹಿರಿಯಾಕೆಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಎಲ್ಲಿ ಕೆಲಸಕ್ಕೆ ಹೋದರೂ ಅಲ್ಲಿಯವರು ಮೊದಲು ನನ್ನ ಹಿಂದೆ ಬಗ್ಗಿ ನೋಡಿ, ಇಂಜಿನಿಯರ್ ಸಾಹೇಬ್ರು ಯಾವಾಗ ಬತ್ತಾರೆ ಎಂದು ಕೇಳುತ್ತಿದ್ದರು. ಮೊದಮೊದಲು ನಾನೇ ಎಂದು ಹೇಳುತ್ತಿದ್ದೆ. ಆಮೇಲೆ ಬೇಜಾರಾಗಿ, ಬರ್ತಾ ಇದ್ದಾರೆ ಎಂದು ಹೇಳಿ ಕೆಲಸ ಶುರು ಮಾಡಿಸುತ್ತಿದ್ದೆ.

ಬೋರ್ಡು

ಮೊದಲ ಕೆಲಸ ಮಾಗಡಿ ತಾಲ್ಲೂಕಿನ ಕಲ್ಯದ ಕಡೆ ಒಂದು ಹಳ್ಳಿಯ ರಸ್ತೆಯಲ್ಲಿ. ಮೋರಿ ಕುಸಿದು ರಸ್ತೆ ಅರ್ಧ ಕೊಚ್ಚಿಹೋಗಿತ್ತು, ಉಳಿದರ್ಧದ ಮೇಲೆ ಒಂದು ಹುಣಸೆ ಮರ ಅಡ್ಡ ಬಿದ್ದಿತ್ತು. ಮರದ ಈಚೆ ಬದಿಗೆ ಒಂದು ಬೋರ್ಡು ನಿಲ್ಲಿಸಿದೆ. ಕೆಲಸ ನಡೆಯುತ್ತಿದೆ, ಬದಲಿ ದಾರಿಯಲ್ಲಿ ಹೋಗಿ ಎಂದು ಬರೆಸಿದ್ದೆ.

ಜನ ಬೈಕಿನಲ್ಲಿ ಬರುವರು, ಬೋರ್ಡಿನ ಮುಂದೆ ನಿಲ್ಲುವರು, ಮೇಲಿಂದ ಕೆಳಗಿನವರೆಗೆ ಓದುವರು, ಬೋರ್ಡಿನ ಪಕ್ಕದಿಂದ ನುಸುಳಿ ನನ್ನ ಹತ್ತಿರ ಬಂದು, ರೋಡು ಬಂದ್ ಆಗೈತಾ ಎಂದು ಕೇಳುವರು. ಹೌದು ಅಂದರೆ, ಬೈಕಿಗೂ ಬಂದಾ ಅನ್ನುವರು. ಬೈಕಿಗೂ ಅಂದರೆ, ನಮ್ಮನೆ ಇಲ್ಲೇ ಮುಂದೆ ಅನ್ನುವರು. ಮುಂದೆ ಮನೆ ಇದ್ದರೆ ಬೈಕಿಗೆ ರೆಕ್ಕೆ ಬರುತ್ತದೆಯೇ? ಅವರಿಗೆ ಮರ ತೋರಿಸಬೇಕು, ಹಳ್ಳ ತೋರಿಸಬೇಕು. ನೋಡಿ, ಹೌದಲ್ವಾ ಎಂದು ತಲೆದೂಗಿ, ಅಲ್ಲೇ ನಿಂತು ಜೆಸಿಬಿ ನೋಡುತ್ತಾ ಇದ್ದುಬಿಡುವರು.

ಬೋರ್ಡಿನ ಹತ್ತಿರ ಒಬ್ಬ ಆಳನ್ನು ನಿಲ್ಲಿಸಿದೆ. ಅವನು ಅದೇ ಸೀಮೆಯವನು. ಬಂದವರೆಲ್ಲ ಅವನಿಗೆ ಭಾವನೋ ಮಾವನೋ ಆಗಿದ್ದರು, ಎಲ್ಲರನ್ನೂ ಬಿಟ್ಟ. ಅವನನ್ನು ಬದಲಾಯಿಸಿ ಬೇರೆ ತಾಲ್ಲೂಕಿನವನನ್ನು ನಿಲ್ಲಿಸಿದೆ. ಅವನು ಯಾರನ್ನೂ ಬಿಡಲಿಲ್ಲ, ಆದರೆ ಬದಲಿ ದಾರಿ ಯಾವುದು ಎಂದು ಅವನಿಗೇ ಗೊತ್ತಿರಲಿಲ್ಲ. ಬಂದವರನ್ನೇ ಕೇಳಿದ. ಅವರು ಬೈಕು ಆಫ್ ಮಾಡಿ, ಇಳಿದು, ಅವನಿಗೆ ದಾರಿ ವಿವರಿಸತೊಡಗಿದರು. ಒಬ್ಬರು ಹೇಳಿದ ದಾರಿ ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮುಂದೆ ಒಂದು ಪಂಚಾಯಿತಿಯೇ ಸೇರಿತ್ತು.

ನನಗೆ ರೇಗಿಹೋಯಿತು. ಬೋರ್ಡಿಗೆ ಸುಣ್ಣ ಬಳಿಸಿ, ದಪ್ಪ ಅಕ್ಷರದಲ್ಲಿ 'ಈ ಊರಿಗೆ ರಸ್ತೆ ಇಲ್ಲ' ಎಂದು ಬರೆಸಿದೆ.

ಮರುದಿನ ಬೆಳಿಗ್ಗೆ ಹೋಗುವಾಗ ಬೋರ್ಡಿನ ಸುತ್ತ ಊರೇ ನಿಂತಿದೆ. ಹೆಂಗಸರು, ಮಕ್ಕಳು, ಕಂಕುಳಲ್ಲಿ ಕುರಿಮರಿ ಹಿಡಿದ ಮುದುಕರು. ಊರಿಗೆ ಅವಮಾನ ಮಾಡಿದ್ದೇನೆ, ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡು ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋದೆ. ಹತ್ತಿರ ಹೋದರೆ ಜನ ಸರದಿ ಪ್ರಕಾರ ಬೋರ್ಡಿನ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದಾರೆ. ಊರಿನ ಹಿರಿಯರೊಬ್ಬರು ನನ್ನನ್ನು ಕಂಡು ಎರಡೂ ಕೈ ಜೋಡಿಸಿದರು. ಈ ಬೋರ್ಡನ್ನು ಕೆಲಸ ಮುಗಿದ ಮೇಲೂ ತೆಗೆಯಬೇಡಿ ಎಂದು ಬೇಡಿಕೊಂಡರು. ಯಾಕೆ ಅಂದೆ.

"ನಮ್ಮಪ್ಪನ ಕಾಲ್ದಿಂದ್ಲೂ ಇದನ್ನೇ ಹೇಳ್ಕೊಂಡು ಬಂದಿದ್ದೋ ಕಣವ್ವ, ಒಬ್ರೂ ಒಪ್ಪಿರ್ನಿಲ್ಲ. ಈಗ ನೀವಾಗೇ ಬರ್ದು ಕೊಟ್ರಲ್ಲ."

ಎಮ್ಮೆಯ ನೆಮ್ಮದಿ

ಅಲ್ಲಿಂದ ಕನಕಪುರ ತಾಲ್ಲೂಕಿಗೆ, ಕೋಡಿಹಳ್ಳಿ ಸುತ್ತಿನ ಹಳ್ಳಿಗಳಿಗೆ ಹೋದೆವು. ಕೆರೆಯ ಹೂಳೆಲ್ಲ ರಸ್ತೆಯ ಮೇಲೆ ಬಂದು ಮೊಣಕಾಲುದ್ದ ನಿಂತಿತ್ತು. ಹೂಳಿನ ನಟ್ಟನಡುವೆ ಒಂದು ಎಮ್ಮೆ ಕಣ್ಣು ಮುಚ್ಚಿಕೊಂಡು ಮಲಗಿತ್ತು.

ನಮ್ಮವರು ಕೂಗಿದರು, ಕಲ್ಲು ತೂರಿದರು, ಟ್ರ್ಯಾಕ್ಟರ್ ಹಾರನ್ ಹೊಡೆದರು. ಎಮ್ಮೆ ಒಂದು ಕಿವಿ ಅಲ್ಲಾಡಿಸಿತು. ಜೆಸಿಬಿಯ ಬಕೆಟ್ಟನ್ನು ಅದರ ಮುಖದ ಹತ್ತಿರ ತಂದರೆ, ಕಣ್ಣು ಬಿಟ್ಟು ಬಕೆಟ್ಟನ್ನು ಮೂಸಿ, ಮತ್ತೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಎಮ್ಮೆಯ ಯಜಮಾನ ಓಡಿಬಂದ. ಸದ್ಯ, ಎಬ್ಬಿಸಿಕೊಂಡು ಹೋಗುತ್ತಾನೆ ಅಂದುಕೊಂಡೆ. ಅವನು ಬಂದದ್ದು ನಮ್ಮನ್ನು ತಡೆಯುವುದಕ್ಕೆ. ನೀರು ನುಗ್ಗಿದ ದಿನ ಕೊಟ್ಟಿಗೆಯಲ್ಲಿ ಕತ್ತಿನವರೆಗೆ ನೀರು ಬಂದಿತ್ತಂತೆ, ಅವತ್ತಿಂದ ಎಮ್ಮೆ ಬೆದರಿ ಒಂದು ತೊಟ್ಟು ಹಾಲು ಕೊಟ್ಟಿಲ್ಲವಂತೆ. ಮನೆಯಲ್ಲಿ ಎಳೇ ಮಗು ಇದೆ, ಅದಕ್ಕೆ ಬೇರೆ ಹಾಲು ಹಿಡಿಸುವುದಿಲ್ಲ. ಇವತ್ತೇ ಮೊದಲ ಸಲ ಎಮ್ಮೆ ಮೆಲುಕು ಹಾಕುತ್ತಿದೆ.

"ಒಸಿ ಹೊತ್ತು ಬುಡಿ ಮೇಡಮ್. ಈಗ್ತಾನೆ ಜೀವ್ಕೆ ಸಮಾಧಾನ ಆಗೈತೆ."

ಮಗುವಿನ ಮಾತು ಬಂದ ಮೇಲೆ ನಾನೇ ಸೋತೆ. ಎಮ್ಮೆಯನ್ನು ಬಿಟ್ಟು ಸುತ್ತಲಿನ ಹೂಳು ತೆಗೆಯಿರಿ ಅಂದೆ. ಜೆಸಿಬಿ ಡ್ರೈವರ್ ಅರಿಸಿನ ಹಚ್ಚುವಷ್ಟು ನಾಜೂಕಾಗಿ ಸುತ್ತಲೂ ಬಿಡಿಸಿದ. ಊಟದ ಹೊತ್ತಿಗೆ ರಸ್ತೆಯೆಲ್ಲ ಚೊಕ್ಕಟವಾಗಿ, ನಡುವೆ ಒಂದು ದುಂಡನೆಯ ದಿಬ್ಬ, ಅದರ ಮೇಲೆ ಎಮ್ಮೆ ಉಳಿಯಿತು. ಎರಡೂ ಕಡೆ ಬಸ್ಸು ನಿಂತಿತು. ಬಸ್ಸಿನಲ್ಲಿದ್ದವರು ಇಳಿದು ಬಂದು ನೋಡಿ, ಯಜಮಾನನ ಹತ್ತಿರ ಎಮ್ಮೆಯ ಆರೋಗ್ಯ ವಿಚಾರಿಸಿದರು.

ಆ ಹೊತ್ತಿಗೆ ಸರಿಯಾಗಿ ಕಂಟ್ರಾಕ್ಟರ್ ಫೋನ್ ಮಾಡಿ ಕೆಲಸ ಎಲ್ಲಿಗೆ ಬಂತು ಎಂದರು. ಎಲ್ಲ ಮುಗಿದಿದೆ ಸಾರ್, ಎಮ್ಮೆ ಮಲಗಿದೆ, ಎದ್ದರೆ ಉಳಿದದ್ದೂ ಮುಗಿಯುತ್ತದೆ ಎಂದೆ. ಅವರು, ಡ್ರೈವರಿಗೆ ಹಾಗೆಲ್ಲ ಅನ್ನಬಾರದು, ಪಾಪ ಅವನೂ ಮನುಷ್ಯ ಎಂದು ನನಗೇ ಬುದ್ಧಿ ಹೇಳಿದರು.

ಸಂಜೆ ಹಾಲು ಕರೆಯುವ ಹೊತ್ತಿಗೆ ಎಮ್ಮೆ ತಾನಾಗಿ ಎದ್ದು, ಮೈ ಕೊಡವಿ, ಜೆಸಿಬಿಗೆ ಕೆಸರು ಸಿಡಿಸಿ, ಮನೆಗೆ ನಡೆಯಿತು. ಚೊಂಬು ತುಂಬ ಹಾಲು ಕೊಟ್ಟಿತಂತೆ. ಮರುದಿನ ಉಳಿದ ದಿಬ್ಬ ತೆಗೆಯಲು ಹೋದಾಗ ಯಜಮಾನ ನಮಗೆಲ್ಲ ಮಜ್ಜಿಗೆ ತಂದಿದ್ದ. ಅವನ ಹಿಂದೆ ಅಕ್ಕಪಕ್ಕದ ಮನೆಯವರು ತಂತಮ್ಮ ಎಮ್ಮೆ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಇವೂ ಬೆದರಿಕೊಂಡಿವೆ, ಆ ಕೆಸರು ಇನ್ನೆರಡು ದಿನ ಇರಲಿ ಎಂದರು.

ಜೆಸಿಬಿ ಡ್ರೈವರ್ ಇಂಜಿನ್ ಆಫ್ ಮಾಡಿ, ಆ ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟ. "ಮೇಡಮ್, ನಮ್ದು ರೋಡ್ ಕೆಲ್ಸಾನಾ, ಆಸ್ಪತ್ರೆ ಕೆಲ್ಸಾನಾ?"

ತಲೆಗಳು

ಚನ್ನಪಟ್ಟಣದಲ್ಲಿ ಒಂದು ರಸ್ತೆಬದಿಯ ಚರಂಡಿ ಪೂರಾ ಕಟ್ಟಿಕೊಂಡಿತ್ತು. ದೊಡ್ಡವ್ವನ ಗುಂಪನ್ನು ಅಲ್ಲಿ ಬಿಟ್ಟು, ಟ್ರ್ಯಾಕ್ಟರ್ ಡ್ರೈವರಿಗೆ ನೋಡಿಕೋ ಎಂದು ಹೇಳಿ, ನಾನು ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯಲು ಹೋದೆ. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಲೋಟ ತುಟಿಗಿಟ್ಟೆ, ಫೋನ್ ಬಂತು.

ಟ್ರ್ಯಾಕ್ಟರ್ ಡ್ರೈವರ್ ಏದುಸಿರು ಬಿಡುತ್ತಿದ್ದ. "ಮೇಡಮ್, ಬಿರ್ನೆ ಬನ್ನಿ. ಚರಂಡೀಲಿ ತಲೆ ಸಿಕ್ಕವೆ."

ಏನು ತಲೆ ಅಂದೆ. ತಲೆ ಮೇಡಮ್, ಗಂಡಸಿಂದೂ ಅವೆ, ಹೆಂಗಸಿಂದೂ ಅವೆ ಅಂದ. ಎಷ್ಟಿವೆ ಅಂದರೆ ಬುಟ್ಟಿ ತುಂಬ ಅಂದ. ಮೈ ಇಲ್ಲವೇ, ಬರೀ ತಲೆಗಳೇ ಎಂದು ನಾನು ಜೋರಾಗಿ ಕೇಳಿದ್ದು ಟೀ ಅಂಗಡಿಗೆಲ್ಲ ಕೇಳಿಸಿತು. ಅಂಗಡಿಯವನು ಬೋಂಡ ಕರಿಯುವುದು ನಿಲ್ಲಿಸಿದ. ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಒಬ್ಬ ಪೊಲೀಸಿನವರು ಲೋಟ ಇಟ್ಟು ಎದ್ದು, ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು, ನಡೀರಿ ಎಂದರು. ದಾರಿಯುದ್ದಕ್ಕೂ ಫೋನಿನಲ್ಲಿ ಸ್ಟೇಷನ್ನಿಗೆ ವಿಷಯ ಒಪ್ಪಿಸುತ್ತಾ ಬಂದರು. ನಾವು ತಲುಪುವಷ್ಟರಲ್ಲಿ ಆ ರಸ್ತೆಗೆ ಜಾತ್ರೆಯಷ್ಟು ಜನ ಬಂದು, ಮೂಗಿಗೆ ಟವೆಲ್ ಹಿಡಿದು ನಿಂತಿದ್ದರು.

ಜನರನ್ನು ಸರಿಸಿಕೊಂಡು ಒಳಗೆ ಹೋದೆ. ದೊಡ್ಡವ್ವ ನೆಲದ ಮೇಲೆ ಕೂತು ಬಕೆಟ್ ನೀರಿನಲ್ಲಿ ತಲೆಗಳನ್ನು ಒಂದೊಂದಾಗಿ ತೊಳೆದು, ಸೆರಗಿನಲ್ಲಿ ಒರೆಸಿ, ಸಾಲಾಗಿ ಜೋಡಿಸುತ್ತಿದ್ದಳು. ಕೆಂಪು ಪೇಟದ ರಾಜ, ಹಳದಿ ಕಿರೀಟದ ರಾಣಿ, ಮೀಸೆಯ ಸಿಪಾಯಿ. ಎಲ್ಲ ಮರದ ಬೊಂಬೆಯ ತಲೆಗಳು, ಅರಗಿನ ಬಣ್ಣ ಮಿರಮಿರ ಹೊಳೆಯುತ್ತಿತ್ತು.

ನಾನು ಟ್ರ್ಯಾಕ್ಟರ್ ಡ್ರೈವರ್ ಕಡೆ ತಿರುಗಿದೆ. ಅವನು, ತಲೆ ಅಂತ ತಾನೇ ಹೇಳಿದ್ದು ಮೇಡಮ್, ಸುಳ್ಳು ಹೇಳಿದ್ನಾ ಅಂದ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ವಯಸ್ಸಾದ ಸಾಹೇಬರು ಬಂದರು. ಗೊಂಬೆ ಮಾಡುವವರು, ಹಿಂದಿನ ಗಲ್ಲಿಯಲ್ಲೇ ಅವರ ಕಾರ್ಖಾನೆ. ತಲೆಗಳ ಸಾಲು ಕಂಡು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ನೀರು ಬಂದ ದಿನ ಮೈಗಳನ್ನು ಅಟ್ಟದ ಮೇಲಿಟ್ಟಿದ್ದರಂತೆ, ತಲೆಗಳನ್ನು ಬಣ್ಣ ಒಣಗಲೆಂದು ಕೆಳಗೇ ಇಟ್ಟಿದ್ದರಂತೆ. ತಲೆಯೆಲ್ಲ ಹೋದವು. ಹೊಸದಾಗಿ ಕಡೆಯೋಣ ಎಂದರೆ ಯಂತ್ರದ ಮೋಟಾರಿಗೇ ಹೂಳು ಸೇರಿದೆ. ದಿನಾ ಬೆಳಿಗ್ಗೆ ತಲೆಯಿಲ್ಲದ ಬೊಂಬೆಗಳ ಮುಂದೆ ಕೂತು ಎದ್ದು ಹೋಗುತ್ತಿದ್ದರಂತೆ. ಹೇಳುತ್ತಾ ಅವರ ಕಣ್ಣು ತುಂಬಿತು. ಅವರ ಮಗ ಓಡಿಹೋಗಿ ಗೋಣಿಚೀಲದಲ್ಲಿ ಮೈಗಳನ್ನು ತಂದು ಸುರಿದ.

ಆಮೇಲೆ ನಮ್ಮ ಕೆಲಸ ನಿಂತಿತು. ಯಾವ ತಲೆ ಯಾವ ಮೈಗೆ ಕೂರುತ್ತದೆ ಎಂದು ರಸ್ತೆಯವರೆಲ್ಲ ಜೋಡಿಸಲು ಕೂತರು. ಪೊಲೀಸಿನವರೂ ಟೋಪಿ ತೆಗೆದಿಟ್ಟು ಒಬ್ಬ ರಾಜನ ತಲೆಯನ್ನು ತಿರುವಿ ತಿರುವಿ ಕೂರಿಸುತ್ತಿದ್ದರು. ಸ್ಟೇಷನ್ನಿನಿಂದ ಅವರಿಗೆ ಫೋನ್ ಬಂತು. ಅವರು ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ಕೈಯಲ್ಲಿನ ಕೆಲಸ ಬಿಡದೆ ಉತ್ತರ ಕೊಟ್ಟರು.

"ಹೌದು ಸಾರ್, ತಲೆಗಳು ಸಿಕ್ಕಿವೆ. ಮೈಗಳೂ ಸಿಕ್ಕಿವೆ ಸಾರ್. ಇಲ್ಲ ಸಾರ್, ಯಾರೂ ಸತ್ತಿಲ್ಲ. ಜೋಡಿಸ್ತಾ ಇದ್ದೀವಿ."

ಕಸ ಬೇಕಾಗಿದೆ

ಕನಕಪುರ ರಸ್ತೆಯ ಒಂದು ಪಾಲು ಬೇಗ ಮುಗಿಸಿದ್ದೆವು. ನನ್ನ ಜನ್ಮದಲ್ಲಿ ಅವಧಿಗೆ ಮೊದಲೇ ಮುಗಿಸಿದ ಕೆಲಸ ಅದೊಂದೇ. ಅದಕ್ಕೆ ತಕ್ಕ ಶಿಕ್ಷೆಯೂ ಆಯಿತು.

ಮೇಲಿನ ಸಾಹೇಬರೊಬ್ಬರು ಕೆಲಸ ನೋಡಲು ಬರುತ್ತಾರೆ ಎಂದು ಕಂಟ್ರಾಕ್ಟರ್ ಫೋನ್ ಮಾಡಿದರು. ಕೆಲಸ ಮುಗಿದಿದೆಯಲ್ಲ ಸಾರ್, ಏನು ನೋಡುತ್ತಾರೆ ಅಂದೆ. ಕೆಲಸ ನಡೆಯುವುದನ್ನು ನೋಡಲು ಬರುವುದು, ಮುಗಿದದ್ದನ್ನಲ್ಲ, ಅವರ ಪಕ್ಕ ಒಂದು ರಾಶಿ ಇರಬೇಕು, ಜೆಸಿಬಿ ಬಕೆಟ್ ಎತ್ತಿರಬೇಕು, ಫೋಟೊ ಬರಬೇಕು ಎಂದರು. ನಾನು ಎತ್ತಿಸಿದ ರಾಶಿಯನ್ನು ನಾನೇ ಮತ್ತೆ ತಂದು ಹಾಕಬೇಕು.

ಎಲ್ಲ ಹೂಳನ್ನೂ ಒಬ್ಬ ರೈತರ ತಗ್ಗಿನ ಜಮೀನಿನಲ್ಲಿ ಸುರಿದಿದ್ದೆವು. ಸುರಿಯುವಾಗ ಆ ಮನುಷ್ಯ ನಮಗೆ ಕೊಡದ ಶಾಪ ಇರಲಿಲ್ಲ. ನನ್ನ ಹೊಲವೇನು ಊರ ತಿಪ್ಪೆಯಾ, ಮೊದಲು ವಾಪಸ್ ಎತ್ತಿ ಎಂದು ದಿನಾ ಟ್ರ್ಯಾಕ್ಟರಿನ ಮುಂದೆ ನಿಲ್ಲುತ್ತಿದ್ದರು. ಸದ್ಯ, ಅವರ ಆಸೆಯೂ ತೀರುತ್ತದೆ ಎಂದು ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆ. ಅವರು ಹೂಳನ್ನೆಲ್ಲ ಮಟ್ಟ ಮಾಡಿ, ಬದು ಕಟ್ಟಿ, ಹಿಪ್ಪುನೇರಳೆ ಕಡ್ಡಿ ನೆಟ್ಟು ನೀರು ಬಿಡುತ್ತಿದ್ದರು. ಒಂದು ಲೋಡು ವಾಪಸ್ ಬೇಕು ಅಂದೆ. ಅವರು ನನ್ನನ್ನು ಕಳ್ಳಿಯನ್ನು ನೋಡಿದಂತೆ ನೋಡಿದರು. ಕೆರೆ ಗೋಡು ಬಂಗಾರ ಇದ್ದಂಗೆ, ಒಂದು ಹಿಡಿ ಮುಟ್ಟಿದರೂ ಸುಮ್ಮನಿರಲ್ಲ ಅಂದರು. ನೀವೇ ಎತ್ತಿ ಎಂದು ಜಗಳಾಡಿದಿರಲ್ಲ ಅಂದರೆ, ಆಗ ಎತ್ತಬೇಕಿತ್ತು ಅಂದರು.

ಆಮೇಲೆ ನಾವು ಕಸ ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗಿದೆವು. ಇಷ್ಟು ದಿನ ಎತ್ತಿ ಎತ್ತಿ ಎಂದು ಹಿಂದೆ ಬೀಳುತ್ತಿದ್ದ ಜನ, ಕೇಳಿಕೊಂಡು ಹೋದಾಗ ಬಾಗಿಲಲ್ಲೇ ನಿಂತು ಅನುಮಾನದಿಂದ ಮಾತಾಡಿದರು. ಕೇಳುತ್ತಿದ್ದಾರೆ ಅಂದರೆ ಅದರಲ್ಲಿ ಏನೋ ಇರಬೇಕು ಎಂದು ಕೆಲವರು ತಮ್ಮ ರಾಶಿಗೆ ತಾರ್ಪಾಲು ಹೊದಿಸಿದರು. ಕೊನೆಗೆ ಒಬ್ಬ ಹೆಂಗಸು ತನ್ನ ಬಿದ್ದ ಹಿತ್ತಿಲ ಗೋಡೆಯನ್ನು ಕೊಡಲು ಒಪ್ಪಿದಳು. ಪೂರ್ತಿ ಒಯ್ಯಬೇಕು, ಚೂರೂ ಬಿಡಬಾರದು, ವಾಪಸ್ ತರಬಾರದು ಎಂದು ಷರತ್ತು ಹಾಕಿದಳು. ಮೊದಲೇ ಬಳಲಿದ್ದ ನಮ್ಮವರು ಆ ಗೋಡೆಯನ್ನು ಹೊತ್ತು ತಂದು, ಹೂಳಿನಂತೆ ಕಾಣಲೆಂದು ಮೇಲೆ ನೀರು ಹಾಕಿ ತುಳಿದು, ರಸ್ತೆಬದಿಯಲ್ಲಿ ಅಂದವಾಗಿ ರಾಶಿ ಹಾಕಿದರು.

ಸಾಹೇಬರು ಬಂದರು. ಕಾರಿನಿಂದ ಇಳಿದರು. ಚೊಕ್ಕಟವಾದ ರಸ್ತೆಯನ್ನು ನೋಡಲಿಲ್ಲ, ಸರಿಯಾದ ಚರಂಡಿಯನ್ನು ನೋಡಲಿಲ್ಲ. ರಾಶಿಯ ಪಕ್ಕ ನಿಂತು ಫೋಟೊ ಹೊಡೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮುಖ ಸಿಂಡರಿಸಿ, ನೀರಿಳಿದು ಇಷ್ಟು ದಿನ ಆದರೂ ಇಷ್ಟು ದೊಡ್ಡ ರಾಶಿ ಹಾಗೇ ಬಿಟ್ಟಿದ್ದೀರಲ್ಲ, ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ಕುರ್ಚಿ

ಕೊನೆಯ ಕೆಲಸ ರಾಮನಗರದಲ್ಲಿ, ರೇಷ್ಮೆ ನೂಲು ತೆಗೆಯುವವರ ಒಂದು ಗಲ್ಲಿಯಲ್ಲಿ. ಹೊಳೆ ನೀರು ಸೊಂಟದವರೆಗೆ ಬಂದು ಹೋಗಿತ್ತು. ರೇಷ್ಮೆಗೂಡು ಕೊಳೆತ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪ್ರತಿ ಮನೆಯವರೂ ಹಾಳಾದ ಹಾಸಿಗೆ, ರಜಾಯಿ, ಮುರಿದ ಕಪಾಟು ತಂದು ರಸ್ತೆಬದಿಗೆ ಹಾಕುವರು, ನಾವು ಎತ್ತಿಕೊಂಡು ಹೋಗುವೆವು. ರಸ್ತೆಬದಿಗೆ ಬಂದದ್ದೆಲ್ಲ ಕಸ, ಕೇಳದೆ ಎತ್ತಿ ಎಂದು ನಾನು ಹೇಳಿಬಿಟ್ಟಿದ್ದೆ.

ಗಲ್ಲಿಯ ನಡುವೆ ಒಂದು ಮಹಡಿ ಮನೆ. ಅಲ್ಲಿ ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೂ ವಯಸ್ಸಾಗಿತ್ತು. ಆ ಅಜ್ಜಿ ಎರಡು ದಿನದಲ್ಲಿ ಕೆಳಗಿನ ಹಾಳಾದ ಸಾಮಾನೆಲ್ಲ ಹೊರಗೆ ಹಾಕಿದರು. ಮೂರನೆಯ ದಿನವೂ ಬಾಗಿಲ ಮುಂದೆ ಅಷ್ಟೇ ದೊಡ್ಡ ರಾಶಿ. ನಾಲ್ಕನೆಯ ದಿನ ಇನ್ನೂ ದೊಡ್ಡದು. ಗಂಟಲಿಲ್ಲದ ರೇಡಿಯೊ, ರೆಕ್ಕೆಯಿಲ್ಲದ ಫ್ಯಾನು, ಛತ್ರಿಯ ಕಡ್ಡಿಗಳ ಕಟ್ಟು, ನಿಂತುಹೋದ ಗಡಿಯಾರಗಳು, ನೂಲುವ ಚರಕದ ಮುರಿದ ಚಕ್ರಗಳು. ನನಗೆ ಅನುಮಾನ ಬಂದು ಹತ್ತಿರ ಹೋಗಿ ನೋಡಿದೆ. ಯಾವುದರ ಮೇಲೂ ಒಂದು ಚೂರು ಕೆಸರಿಲ್ಲ, ಎಲ್ಲದರ ಮೇಲೂ ಬೆರಳಷ್ಟು ಧೂಳು.

ಇದಕ್ಕೆ ನೀರು ತಾಕಿಯೇ ಇಲ್ಲವಲ್ಲ ಅಜ್ಜಿ ಎಂದು ಕೇಳಿದೆ.

"ಇಲ್ಲ ಬೇಟಿ," ಅಂದರು ಅಜ್ಜಿ. "ನೀರು ಮಹಡಿವರೆಗೂ ಬರ್ಲಿಲ್ಲ. ಅದೇ ನನಗೆ ದುಃಖ."

ಅಜ್ಜ ಜೀವನವಿಡೀ ಏನನ್ನೂ ಎಸೆದವರಲ್ಲ. ಕೆಟ್ಟದ್ದು ಒಂದು ದಿನ ಸರಿಯಾಗುತ್ತದೆ, ಮುರಿದದ್ದು ಯಾವುದಕ್ಕೋ ಬೇಕಾಗುತ್ತದೆ ಎಂದು ಮಹಡಿ ತುಂಬಿಸಿಟ್ಟಿದ್ದರು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಆ ಮಹಡಿಯಲ್ಲಿ ಕಾಲು ಚಾಚಿ ಕೂತಿರಲಿಲ್ಲ. ಈಗ ದೇವರೇ ಬಾಗಿಲಿಗೆ ಟ್ರ್ಯಾಕ್ಟರ್ ಕಳಿಸಿದ್ದಾನೆ. ಅಜ್ಜ ನಮಾಜಿಗೆ ಹೋದ ಹೊತ್ತು ನೋಡಿ ಒಂದೊಂದಾಗಿ ಇಳಿಸುತ್ತಿದ್ದರು.

ಅದು ಅಜ್ಜನಿಗೆ ತಿಳಿಯಿತು. ಅಲ್ಲಿಂದ ನನ್ನ ಕಷ್ಟ ಶುರು. ಅಜ್ಜಿ ಇಳಿಸುವರು, ನಮ್ಮವರು ತುಂಬುವರು. ಅಜ್ಜ ಬಂದು ಟ್ರ್ಯಾಕ್ಟರ್ ನಿಲ್ಲಿಸಿ ರೇಡಿಯೊ ಇಳಿಸಿಕೊಂಡು ಹೋಗುವರು. ನನ್ನ ಆಳುಗಳಲ್ಲೇ ಎರಡು ಪಕ್ಷ ಆಯಿತು. ದೊಡ್ಡವ್ವ ಮತ್ತು ಹೆಂಗಸರೆಲ್ಲ ಅಜ್ಜಿ ಕಡೆ. ಅವರ ಸಾಮಾನನ್ನು ಮೊದಲು ತುಂಬಿ, ಮೇಲೆ ಒದ್ದೆ ಹಾಸಿಗೆ ಮುಚ್ಚಿ ಕಳಿಸುವರು. ಟ್ರ್ಯಾಕ್ಟರ್ ಡ್ರೈವರ್ ಅಜ್ಜನ ಕಡೆ. ಗಲ್ಲಿಯ ತಿರುವಿನಲ್ಲಿ ಗಾಡಿ ನಿಧಾನ ಮಾಡಿ, ಹಾಸಿಗೆ ಎತ್ತಿ ತೋರಿಸುವನು. ಇಡೀ ಗಲ್ಲಿ ಖಾಲಿಯಾದರೂ ಆ ಒಂದು ಮನೆಯ ಮುಂದಿನ ರಾಶಿ ಬೆಳಿಗ್ಗೆ ಬೆಳೆಯುವುದು, ಸಂಜೆ ಇಳಿಯುವುದು, ಮತ್ತೆ ಬೆಳಿಗ್ಗೆ ಬೆಳೆಯುವುದು. ಕಂಟ್ರಾಕ್ಟರ್ ದಿನಾ ಬೈಯುತ್ತಿದ್ದರು. ನಾನು ಅಜ್ಜನನ್ನು ಕರೆದು ಬುದ್ಧಿ ಹೇಳಿದೆ. ಹಾಗೆ ಹೇಳಿದ ದಿನವೇ ಅವರು ಆಟೊ ಮಾಡಿಕೊಂಡು ನಾವು ಕಸ ಸುರಿಯುವ ಜಾಗಕ್ಕೆ ಹೋಗಿ, ತಪ್ಪಿಹೋಗಿದ್ದ ತಮ್ಮ ಗಡಿಯಾರವನ್ನು ಹುಡುಕಿ ತಂದರು. ಜೊತೆಗೆ ಪಕ್ಕದ ಬೀದಿಯವರ ಒಂದು ಫ್ಯಾನು, ಒಂದು ಮಿಕ್ಸಿ, ಗುರುತಿಲ್ಲದ ಮೂರು ನಲ್ಲಿಗಳನ್ನೂ ತಂದರು.

ಕೊನೆಯ ದಿನ ಬಂತು. ನಾನು ಸ್ಕೂಟರ್ ನಿಲ್ಲಿಸಿದಾಗ ಮನೆಯ ಮುಂದೆ ರಾಶಿ ಇತ್ತು, ರಾಶಿಯ ನಡುವೆ ಅಜ್ಜನ ಒರಗು ಕುರ್ಚಿ ಇತ್ತು. ಒಂದು ಕಾಲಿಗೆ ತಂತಿ ಸುತ್ತಿದ, ಬೆತ್ತ ಹರಿದ ಹಳೇ ಕುರ್ಚಿ. ಅದರಲ್ಲಿ ಅಜ್ಜ ಕೂತು ಪೇಪರ್ ಓದುತ್ತಿದ್ದರು. ಅಜ್ಜಿ ಹೊಸ್ತಿಲಲ್ಲಿ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಅಜ್ಜ ನನಗೆ ಮೆಲ್ಲಗೆ ಹೇಳಿದರು. ಉಳಿದದ್ದೆಲ್ಲ ಒಯ್ಯಿರಿ, ಸೋತಿದ್ದೇನೆ, ಆದರೆ ಈ ಕುರ್ಚಿ ಬಿಡಿ. ತಮ್ಮ ತಂದೆ ಕೂರುತ್ತಿದ್ದ ಕುರ್ಚಿ, ಏಳಲಾರೆ ಎಂದರು. ನಮ್ಮವರು ಸುತ್ತಲಿನದ್ದನ್ನೆಲ್ಲ ತುಂಬಿದರು. ಅಜ್ಜನ ಸುತ್ತ ನೆಲ ಗುಡಿಸಿದರು. ಕೊನೆಗೆ ಖಾಲಿ ರಸ್ತೆಬದಿಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಅಜ್ಜ ಮಾತ್ರ ಉಳಿದರು. ಗಲ್ಲಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ನಾನು ಹೊಸ್ತಿಲ ಹತ್ತಿರ ಹೋದೆ. ಕುರ್ಚಿ ಎತ್ತೋಣ ಅಂದರೆ ಅಜ್ಜ ಕೂತಿದ್ದಾರೆ, ಏನು ಮಾಡಲಿ ಎಂದೆ. ಅಜ್ಜಿ ತಲೆಯೆತ್ತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಟ್ರ್ಯಾಕ್ಟರ್ ನಾಳೆನೂ ಬರ್ತದಾ ಬೇಟಿ?"

ಇಲ್ಲ, ಇವತ್ತೇ ಕೊನೆ ಅಂದೆ.

"ಹಂಗಾದ್ರೆ ಐದು ನಿಮಿಷ ಟೈಮ್ ಕೊಡಿ," ಅಂದರು. "ಯೋಚನೆ ಮಾಡ್ಬೇಕು."

ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಟ್ರ್ಯಾಕ್ಟರ್ ಡ್ರೈವರ್ ಜನ್ಮದಲ್ಲಿ ಮೊದಲ ಸಲ ಸುಮ್ಮನಿದ್ದ. ಅಜ್ಜ ಪೇಪರ್ ಮಡಿಚಿಟ್ಟು ಅವನನ್ನು ಹತ್ತಿರ ಕರೆದರು. ಟ್ರೈಲರಿನಲ್ಲಿ ಹಿಂದುಗಡೆ ಒಂದು ಜಾಗ ಮಾಡಿಡು, ಬಿಸಿಲು ಬೀಳಬಾರದು, ಜಾಸ್ತಿ ಕುಲುಕಲೂಬಾರದು ಎಂದು ಹೇಳಿದರು. ಡ್ರೈವರ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಐದು ನಿಮಿಷ ಕಳೆದು ಅಜ್ಜಿ ಹೊರಗೆ ಬಂದರು. ಕೈಯಲ್ಲಿ ಟೀ ಲೋಟ. ನೇರ ಕುರ್ಚಿಯ ಹತ್ತಿರ ಹೋಗಿ ಅದನ್ನು ಗಂಡನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

"ಇರ್ಲಿ ಬಿಡು ಬೇಟಿ. ಎಲ್ಲಿ ತಗೊಂಡೋಗಿ ಹಾಕಿದ್ರೂ, ಅಲ್ಲಿರೋ ಸಾಮಾನೆಲ್ಲ ಎತ್ಕೊಂಡು ವಾಪಸ್ ಬರ್ತಾರೆ."